ಮೂಗಿನ ಚಕ್ರ ಕಿತ್ತು ಬಾಲಕ್ಕೆ ಹಾಕಿದರೆ: ಪುಟ್ಟ ವಿಮಾನದ ಕಾಲು ಬದಲಾಯಿಸುವ ಲೆಕ್ಕ

ಶಿವಮೊಗ್ಗದ ಸೋಗಾನೆ ವಿಮಾನ ನಿಲ್ದಾಣಕ್ಕೆ ಬಂದಿಳಿಯುವ ಎಟಿಆರ್ ವಿಮಾನವನ್ನು ಗಮನಿಸಿದ್ದೀರಾ? ಮೊದಲು ಹೊಟ್ಟೆಯಡಿಯ ದೊಡ್ಡ ಚಕ್ರಗಳು ನೆಲ ಮುಟ್ಟುತ್ತವೆ. ಆಮೇಲೆ ಮೂಗು ಮೆಲ್ಲಗೆ ತಗ್ಗಿ ಮುಂದಿನ ಚಕ್ರ ಕೂರುತ್ತದೆ. ಇವತ್ತಿನ ಹೆಚ್ಚುಕಮ್ಮಿ ಎಲ್ಲ ವಿಮಾನಗಳೂ ಹೀಗೇ. ಹಳೇ ವಿಮಾನಗಳ ಫೋಟೊ ನೋಡಿದರೆ ಬೇರೆ ಥರ. ಮೂಗು ಆಕಾಶದ ಕಡೆ, ಬಾಲ ನೆಲದ ಮೇಲೆ. ಮುಂದೆ ಎರಡು ದೊಡ್ಡ ಚಕ್ರ, ಬಾಲದ ತುದಿಯಲ್ಲಿ ಅಂಗೈಯಗಲದ ಒಂದು ಪುಟಾಣಿ ಚಕ್ರ. ಇದೇ ಟೇಲ್‌ವೀಲ್ ವಿಮಾನ. ಪೈಲಟ್‌ಗಳ ಬಾಯಲ್ಲಿ ಟೇಲ್‌ಡ್ರ್ಯಾಗರ್.

ನಮ್ಮ ರಾಜ್ಯಕ್ಕೆ ಇದೇನೂ ಹೊಸದಲ್ಲ. ಬೆಂಗಳೂರಿನ ಎಚ್‌ಎಎಲ್ ಕಟ್ಟಿದ ಎಚ್‌ಟಿ-2 ತರಬೇತಿ ವಿಮಾನ 1951ರಲ್ಲಿ ಮೊದಲು ಹಾರಿತು. ಅದು ಟೇಲ್‌ವೀಲ್. 1958ರಲ್ಲಿ ಹಾರಿದ ಪುಷ್ಪಕ್ ಕೂಡ ಟೇಲ್‌ವೀಲ್. ಎರಡು ಸೀಟು, 90 ಅಶ್ವಶಕ್ತಿಯ ಎಂಜಿನ್, ಮೇಲೆ ರೆಕ್ಕೆ. ದೇಶದ ಫ್ಲೈಯಿಂಗ್ ಕ್ಲಬ್‌ಗಳಲ್ಲಿ ಎಷ್ಟೋ ಜನ ಹಾರಲು ಕಲಿತಿದ್ದು ಪುಷ್ಪಕ್‌ನಲ್ಲೇ.

ಆಮೇಲೆ ಮೂಗಿನ ಚಕ್ರದ ಕಾಲ ಬಂತು. ಅಮೆರಿಕದ ಪೈಪರ್ ಕಂಪನಿ ತನ್ನ ಪೇಸರ್ ಎಂಬ ಟೇಲ್‌ವೀಲ್ ವಿಮಾನಕ್ಕೆ 1951ರಲ್ಲಿ ಮೂಗಿನ ಚಕ್ರ ಹಾಕಿ ಟ್ರೈ-ಪೇಸರ್ ಅಂತ ಮಾರಿತು. ಸೆಸ್ನಾ ಕಂಪನಿ ತನ್ನ 170 ಮಾದರಿಯ ಕಾಲು ಬದಲಾಯಿಸಿ 1956ರಲ್ಲಿ 172 ಮಾರಾಟಕ್ಕೆ ಬಿಟ್ಟಿತು. ಇಳಿಸುವುದು ಸುಲಭ ಅಂತ ಜನ ಮುಗಿಬಿದ್ದರು. 172 ಇವತ್ತಿಗೂ ಲೋಕದಲ್ಲಿ ಅತಿ ಹೆಚ್ಚು ಸಂಖ್ಯೆಯಲ್ಲಿ ತಯಾರಾದ ವಿಮಾನ.

ತಮಾಷೆ ಅಂದರೆ, ಕೆಲವರು ಈಗ ಇದನ್ನೇ ಉಲ್ಟಾ ಮಾಡುತ್ತಿದ್ದಾರೆ. ಹಳೇ ಟ್ರೈ-ಪೇಸರ್ ಕೊಂಡು ಮೂಗಿನ ಚಕ್ರ ಕಿತ್ತು ಮತ್ತೆ ಪೇಸರ್ ಮಾಡಿಕೊಳ್ಳುತ್ತಾರೆ. ಸೆಸ್ನಾ 150ಕ್ಕೂ ಇಂಥ ಪರಿವರ್ತನೆಯ ಸಾಮಗ್ರಿ ಸಿಗುತ್ತದೆ. ಮನೆಯಲ್ಲೇ ವಿಮಾನ ಕಟ್ಟುವವರಂತೂ ಈ ಮಾತನ್ನು ಆಗಾಗ ಎತ್ತುತ್ತಾರೆ: ನನ್ನ ವಿಮಾನದ ಮುಂದಿನ ಚಕ್ರ ತೆಗೆದು ಬಾಲಕ್ಕೆ ಹಾಕಬಹುದಾ?

ಹಾಕಬಹುದು. ಆದರೆ ಈ ಕೆಲಸದಲ್ಲಿ ಬಾಲದ ಚಕ್ರವೇ ಎಲ್ಲಕ್ಕಿಂತ ಚಿಕ್ಕ ಭಾಗ. ಅದು ನಾಲ್ಕು ಬೋಲ್ಟಿನ ಕೆಲಸ. ದೊಡ್ಡ ಕೆಲಸವೆಲ್ಲ ಬೇರೆ ಕಡೆ ಇದೆ.

ಯಾಕೆ ಬೇಕು?

ಮೂಗಿನ ಚಕ್ರ ಇರುವುದು ಪ್ರೊಪೆಲ್ಲರ್‌ನ ಹಿಂದೆ, ಎಂಜಿನ್‌ನ ಕೆಳಗೆ. ಉದ್ದ ಕಾಲು, ಅದಕ್ಕೊಂದು ಶಾಕ್ ಅಬ್ಸಾರ್ಬರ್, ತಿರುಗಿಸುವ ಜೋಡಣೆ. ಹಾರುವಾಗ ಇದೆಲ್ಲ ಸುಮ್ನೆ ಗಾಳಿಗೆ ಅಡ್ಡ. ತೂಕವೂ ಜಾಸ್ತಿ. ಉಬ್ಬುತಗ್ಗಿನ ನೆಲದಲ್ಲಿ ಮೊದಲು ಪೆಟ್ಟು ತಿನ್ನುವುದೂ ಇದೇ. ಗುಂಡಿಗೆ ಇಳಿದು ಮುರಿದರೆ ಪ್ರೊಪೆಲ್ಲರ್ ನೆಲಕ್ಕೆ ಬಡಿಯುತ್ತದೆ, ಎಂಜಿನ್ನೂ ಹೋಗುತ್ತದೆ.

ಬಾಲದ ಚಕ್ರ ಚಿಕ್ಕದು, ಹಗುರ. ಮೂಗು ಎತ್ತರಕ್ಕೆ ಹೋಗುವುದರಿಂದ ಪ್ರೊಪೆಲ್ಲರ್ ಕಲ್ಲು, ಹುಲ್ಲಿನಿಂದ ದೂರ ಇರುತ್ತದೆ. ಸಣ್ಣ ವಿಮಾನಗಳ ಅಮೆರಿಕದ ಹಳೇ ನಿಯಮದಲ್ಲಿ ಪ್ರೊಪೆಲ್ಲರ್ ತುದಿಗೂ ನೆಲಕ್ಕೂ ಇರಬೇಕಾದ ಕನಿಷ್ಠ ಅಂತರ ಹೀಗಿತ್ತು: ಮೂಗಿನ ಚಕ್ರದ ವಿಮಾನಕ್ಕೆ 7 ಇಂಚು, ಟೇಲ್‌ವೀಲ್‌ಗೆ 9 ಇಂಚು. ಟೇಲ್‌ವೀಲ್‌ಗೆ ಯಾಕೆ ಜಾಸ್ತಿ? ಓಡುವಾಗ ಬಾಲ ಎದ್ದು ವಿಮಾನ ಸಮ ಆಗುತ್ತದೆ, ಆಗ ಮೂಗು ಇನ್ನೂ ತಗ್ಗದಂತೆ ಹಿಡಿಯಲು ಮುಂದೆ ಚಕ್ರವೇ ಇಲ್ಲ. ಆ ಎರಡು ಇಂಚು ಅದಕ್ಕೆ.

ಇನ್ನೊಂದು ಕಾರಣವನ್ನೂ ಹೇಳಿಬಿಡುತ್ತೇನೆ. ಟೇಲ್‌ವೀಲ್ ನೋಡಲು ಚಂದ. ಎಷ್ಟೋ ಪರಿವರ್ತನೆಗಳ ನಿಜವಾದ ಕಾರಣ ಇಷ್ಟೇ, ಉಳಿದದ್ದೆಲ್ಲ ಮನೆಯವರಿಗೆ ಹೇಳುವ ನೆಪ.

ನೆಲದ ಮೇಲಿನ ಸ್ವಭಾವವೇ ಬದಲು

ಮೂಗಿನ ಚಕ್ರದ ವಿಮಾನದಲ್ಲಿ ಎರಡು ಮುಖ್ಯ ಚಕ್ರಗಳು ಸಿಜಿಯ ಹಿಂದೆ ಇರುತ್ತವೆ. ಸಿಜಿ ಅಂದರೆ ವಿಮಾನದ ಅಷ್ಟೂ ತೂಕ ಒಂದೇ ಕಡೆ ಇದೆ ಅಂತ ಲೆಕ್ಕ ಹಿಡಿಯಬಹುದಾದ ಬಿಂದು. ಟೇಲ್‌ವೀಲ್‌ನಲ್ಲಿ ಮುಖ್ಯ ಚಕ್ರಗಳು ಸಿಜಿಯ ಮುಂದೆ. ಇರಲೇಬೇಕು, ಇಲ್ಲದಿದ್ದರೆ ವಿಮಾನ ಮೂಗಿನ ಮೇಲೆ ಬೀಳುತ್ತದೆ. ಈ ಒಂದು ಹೆಜ್ಜೆಯ ವ್ಯತ್ಯಾಸದಿಂದ ನೆಲದ ಮೇಲೆ ಅದರ ಗುಣವೇ ಬೇರೆಯಾಗುತ್ತದೆ.

ಅಡಿಕೆ ತುಂಬಿದ ಟ್ರೇಲರನ್ನು ಟ್ರಾಕ್ಟರ್‌ನಲ್ಲಿ ರಿವರ್ಸ್ ತೆಗೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮುಂದಕ್ಕೆ ಎಳೆಯುವಾಗ ಟ್ರೇಲರ್ ತಾನಾಗಿ ನೇರ ಬರುತ್ತದೆ. ಹಿಂದಕ್ಕೆ ತಳ್ಳುವಾಗ ಒಂಚೂರು ಓರೆ ಆದರೆ ಆ ಓರೆ ಇನ್ನಷ್ಟು ಓರೆಯಾಗುತ್ತಲೇ ಹೋಗುತ್ತದೆ. ಶುರುವಿನಲ್ಲೇ ಸ್ಟೀರಿಂಗ್ ತಿದ್ದಿದರೆ ಸರಿ. ತಡ ಆದರೆ ಟ್ರೇಲರ್ ಮಡಚಿಕೊಂಡು ನಿಲ್ಲುತ್ತದೆ.

ಟೇಲ್‌ವೀಲ್ ವಿಮಾನ ಇಳಿದು ಓಡುವಾಗ ಆಗುವುದೂ ಅದೇ. ಮೂಗು ಸ್ವಲ್ಪ ಎಡಕ್ಕೆ ತಿರುಗಿತು ಅನ್ನಿ. ಟೈರುಗಳು ನೆಲ ಕಚ್ಚಿ ಅಡ್ಡಕ್ಕೆ ತಳ್ಳುತ್ತವೆ. ತೂಕ ಮಾತ್ರ ಹಳೇ ದಾರಿಯಲ್ಲೇ ಮುಂದೆ ಹೋಗಲು ನೋಡುತ್ತದೆ. ತೂಕ ಚಕ್ರದ ಹಿಂದಿದೆಯಲ್ಲ, ಹಾಗಾಗಿ ಬಾಲ ಹೊರಗೆ ಬೀಸಿ ತಿರುವು ಇನ್ನೂ ಬಿಗಿಯಾಗುತ್ತದೆ. ಪೈಲಟ್ ಕಾಲಿನಿಂದ ರಡ್ಡರ್, ಅಂದರೆ ಬಾಲದಲ್ಲಿ ನೆಟ್ಟಗೆ ನಿಂತು ಎಡಬಲಕ್ಕೆ ತಿರುಗುವ ಹಲಗೆಯ ಪೆಡಲ್ ಒತ್ತಿ ತಕ್ಷಣ ತಡೆಯದಿದ್ದರೆ ವಿಮಾನ ಗಿರ್ರಂತ ಸುತ್ತಿ ನಿಲ್ಲುತ್ತದೆ. ಇದೇ ಗ್ರೌಂಡ್ ಲೂಪ್. ಜೀವಕ್ಕೆ ಅಪಾಯ ಕಡಿಮೆ. ರೆಕ್ಕೆಯ ತುದಿ ಸವೆಯುತ್ತದೆ, ಕಾಲು ಮಡಚುತ್ತದೆ, ಜೇಬು ಖಾಲಿಯಾಗುತ್ತದೆ.

ಮೂಗಿನ ಚಕ್ರದ ವಿಮಾನದಲ್ಲಿ ಇದೇ ತೂಕ ಚಕ್ರಗಳ ಮುಂದಿರುವುದರಿಂದ ಓರೆ ಇಳಿದರೂ ತಾನೇ ನೇರ ಆಗುತ್ತದೆ. ಸೆಸ್ನಾ 172 ಅಷ್ಟೊಂದು ಮಾರಾಟ ಆಗಿದ್ದು ಸುಮ್ನೆ ಅಲ್ಲ.

ಇಲ್ಲಿ ಒಂದು ಮಾತು ಹೇಳಬೇಕು. ಶಿವಮೊಗ್ಗದ ರನ್‌ವೇ 3.2 ಕಿಲೋಮೀಟರ್ ಉದ್ದ, ನುಣುಪು ಡಾಂಬರು. ಅಂಥ ಕಡೆ ಟೇಲ್‌ವೀಲ್ ಇಳಿಸುವುದು ಸುಲಭ ಅಂತ ಅನಿಸುತ್ತದೆ, ಅಲ್ವಾ? ಹುಲ್ಲೇ ಸುಲಭ. ಹುಲ್ಲಿನ ಮೇಲೆ ಟೈರು ಅಡ್ಡಕ್ಕೆ ಸ್ವಲ್ಪ ಜಾರುತ್ತದೆ, ಪೈಲಟ್‌ನ ಸಣ್ಣ ತಪ್ಪನ್ನು ನುಂಗಿಕೊಳ್ಳುತ್ತದೆ. ಡಾಂಬರು ಟೈರನ್ನು ಗಟ್ಟಿ ಹಿಡಿಯುತ್ತದೆ. ಅಲ್ಲಿ ಓರೆ ಇಳಿದರೆ ಬಾಲ ಬೀಸುವುದು ಹೆಚ್ಚು. ಹಳೇ ಕಾಲದ ವಿಮಾನಗಳು ಇಳಿಯುತ್ತಿದ್ದುದು ಉದ್ದದ ಪಟ್ಟಿಯಲ್ಲಿ ಅಲ್ಲ, ಅಗಲವಾದ ಹುಲ್ಲು ಬಯಲಿನಲ್ಲಿ. ಗಾಳಿ ಯಾವ ಕಡೆಯಿಂದ ಬೀಸುತ್ತದೋ ಆ ಕಡೆಗೆ ಮುಖ ಮಾಡಿ ಇಳಿದರಾಯಿತು. ರನ್‌ವೇ ಅಂದರೆ ದಿಕ್ಕು ಮೊದಲೇ ಗೊತ್ತಾಗಿರುತ್ತದೆ, ಗಾಳಿ ಅಡ್ಡ ಬೀಸಿದರೆ ನಾವೇ ಸಂಭಾಳಿಸಬೇಕು. ಮಳೆಗಾಲದಲ್ಲಿ ಘಟ್ಟದ ಕಡೆಯಿಂದ ನುಗ್ಗುವ ಗಾಳಿಯನ್ನು ನೆನಪಿಸಿಕೊಳ್ಳಿ. ದೊಡ್ಡ ಬಾಲದ ಹಗುರ ವಿಮಾನ ಗಾಳಿಯ ಕಡೆಗೇ ಮುಖ ತಿರುಗಿಸಲು ನೋಡುತ್ತದೆ.

ಮುಖ್ಯ ಚಕ್ರ ಎಲ್ಲಿಗೆ ಬರಬೇಕು

ಈಗ ಪರಿವರ್ತನೆಯ ಹೊಟ್ಟೆಗೆ ಬರೋಣ. ಮೂಗಿನ ಚಕ್ರ ತೆಗೆದ ಮೇಲೆ ಮುಖ್ಯ ಚಕ್ರಗಳನ್ನು ಮುಂದಕ್ಕೆ ತರಬೇಕು. ಎಷ್ಟು ಮುಂದಕ್ಕೆ?

ವಿಮಾನವನ್ನು ಸಮವಾಗಿ ನಿಲ್ಲಿಸಿ. ಮುಖ್ಯ ಚಕ್ರ ನೆಲ ಮುಟ್ಟುವ ಜಾಗದಿಂದ ನೇರ ಮೇಲಕ್ಕೆ ಒಂದು ಗೆರೆ, ಅಲ್ಲಿಂದಲೇ ಸಿಜಿಗೆ ಇನ್ನೊಂದು ಗೆರೆ. ಈ ಎರಡರ ನಡುವಿನ ಕೋನ ಸುಮಾರು 16ರಿಂದ 25 ಡಿಗ್ರಿ ಇರಬೇಕು ಅಂತ ವಿನ್ಯಾಸಕಾರರು ಹೇಳುತ್ತಾರೆ. ಕೋನ ಕಡಿಮೆಯಾದರೆ ಬ್ರೇಕ್ ಒತ್ತಿದ ಕೂಡಲೇ ವಿಮಾನ ಮೂಗು ಕುಕ್ಕುತ್ತದೆ. ಜಾಸ್ತಿಯಾದರೆ ಬಾಲ ಭಾರ, ಟೇಕಾಫ್‌ನಲ್ಲಿ ಏಳಲು ತಡ, ಗ್ರೌಂಡ್ ಲೂಪ್ ಭಯವೂ ಹೆಚ್ಚು. ಖಾಲಿ ಇದ್ದಾಗಲೂ, ಇಬ್ಬರು ಕೂತು ಟ್ಯಾಂಕ್ ತುಂಬಿದಾಗಲೂ ಕೋನ ಈ ಮಿತಿಯಲ್ಲೇ ಇರಬೇಕು. ಸೀಟು, ಇಂಧನ, ಸಾಮಾನು ಎಲ್ಲ ಸಾಮಾನ್ಯವಾಗಿ ಖಾಲಿ ಸಿಜಿಯ ಹಿಂದೆ ಇರುವುದರಿಂದ ತುಂಬಿದಾಗ ಸಿಜಿ ಹಿಂದೆ ಸರಿಯುತ್ತದೆ.

ಸರಿ, ಜಾಗ ಗುರುತಾಯಿತು. ಅಲ್ಲಿ ಏನಿದೆ? ಬಹಳ ಸಲ ಏನೂ ಇರುವುದಿಲ್ಲ. ತೆಳ್ಳನೆ ಅಲ್ಯುಮಿನಿಯಂ ತಗಡು, ಪೈಲಟ್‌ನ ಕಾಲಿಡುವ ಜಾಗ, ರಡ್ಡರ್ ಪೆಡಲ್. ಮೊದಲಿನ ಚಕ್ರದ ಕಾಲು ಸೀಟಿನ ಕೆಳಗಿನ ಗಟ್ಟಿ ಚೌಕಟ್ಟಿಗೆ ಸೇರಿತ್ತು. ಇಳಿಯುವಾಗಿನ ಪೆಟ್ಟು ಅಲ್ಲಿಂದ ರೆಕ್ಕೆಯ ಸ್ಪಾರ್‌ಗೆ, ಅಂದರೆ ರೆಕ್ಕೆಯೊಳಗಿನ ಮುಖ್ಯ ತೊಲೆಗೆ ಹರಿದು ಹೋಗುತ್ತಿತ್ತು. ಹೊಸ ಜಾಗದಲ್ಲಿ ಆ ದಾರಿಯನ್ನು ನಾವೇ ಕಟ್ಟಬೇಕು. ಮನೆಯಲ್ಲಿ ವಿಮಾನ ಕಟ್ಟುವವರು ತಿಂಗಳುಗಟ್ಟಲೆ ಕೂರುವುದು ಇದಕ್ಕೇ. ಬಾಗಿಲಿನ ಕಂಬದ ಹತ್ತಿರ ಅಡ್ಡ ಪೆಟ್ಟಿಗೆ ಕೂರಿಸಿ, ಹೊಸ ಬಲ್ಕ್‌ಹೆಡ್ (ಒಡಲಿನ ಅಡ್ಡ ಚೌಕಟ್ಟು) ಹಾಕಿ, ಡಬ್ಲರ್ ತಗಡು (ಗಟ್ಟಿಗೆಂದು ಹಾಕುವ ಎರಡನೇ ಪದರ) ರಿವೆಟ್ ಮಾಡಿ, ಬಲವನ್ನು ಹಳೇ ಚೌಕಟ್ಟಿನವರೆಗೆ ಒಯ್ಯಬೇಕು. ಪೆಟ್ಟು ಬರೀ ಮೇಲಕ್ಕೆ ಬರುವುದಿಲ್ಲ. ಬ್ರೇಕ್ ಹಿಡಿದಾಗ ಹಿಂದಕ್ಕೆ, ಓರೆ ಇಳಿದಾಗ ಅಡ್ಡಕ್ಕೆ. ಈ ಅಡ್ಡ ಬಲವನ್ನು ಮರೆತವರ ವಿಮಾನದಲ್ಲಿ ರಿವೆಟ್‌ಗಳ ಸುತ್ತ ಕಪ್ಪು ಹೊಗೆಯಂಥ ಗುರುತು ಕಾಣಿಸಿಕೊಳ್ಳುತ್ತದೆ. ರಿವೆಟ್ ಸಡಿಲವಾಗಿ ತಗಡಿಗೆ ಉಜ್ಜುತ್ತಿದೆ ಅಂತ ಅದರ ಅರ್ಥ.

ಕೆಲವು ವಿಮಾನಗಳಲ್ಲಿ ದಾರಿ ಮೊದಲೇ ಇದೆ. ಅಮೆರಿಕದ ವ್ಯಾನ್ಸ್ ಕಂಪನಿಯ ಆರ್‌ವಿ-6, 7, 9 ಕಿಟ್‌ಗಳು ಎರಡೂ ರೂಪದಲ್ಲಿ ಬಂದವು. ಹೆಸರಿನ ಕೊನೆಗೆ ‘ಎ’ ಇದ್ದರೆ ಮೂಗಿನ ಚಕ್ರ. ಟೇಲ್‌ವೀಲ್ ರೂಪದಲ್ಲಿ ಮುಖ್ಯ ಕಾಲುಗಳು ಎಂಜಿನ್ ಹೊರುವ ಚೌಕಟ್ಟಾದ ಎಂಜಿನ್ ಮೌಂಟ್‌ಗೇ ಸೇರುತ್ತವೆ. ಅಂದರೆ 6ಎ ಯನ್ನು 6 ಮಾಡಬೇಕಾದರೆ ಎಂಜಿನ್ ಇಳಿಸಿ ಮೌಂಟನ್ನೇ ಬದಲಾಯಿಸಬೇಕು. ಸೋನೆಕ್ಸ್, ಕಿಟ್‌ಫಾಕ್ಸ್ ಎಂಬ ಕಿಟ್ ವಿಮಾನಗಳಲ್ಲೂ ಎರಡೂ ಆಯ್ಕೆ ಇವೆ. ನನ್ನನ್ನು ಕೇಳಿದರೆ, ಮೂಲ ವಿನ್ಯಾಸದಲ್ಲಿ ಟೇಲ್‌ವೀಲ್ ಆಯ್ಕೆ ಇಲ್ಲದ ವಿಮಾನದ ತಂಟೆಗೆ ಹೋಗಬಾರದು. ಬೇರೆ ಯಾರೋ ಕೂತು ಮಾಡಿಟ್ಟ ಬಲದ ಲೆಕ್ಕವನ್ನು ನಾವು ಊಹೆಯ ಮೇಲೆ ಮತ್ತೆ ಮಾಡುವುದು ಧೈರ್ಯ ಅಲ್ಲ, ಉದ್ಧಟತನ.

ಇನ್ನು ಕಾಲು. ಬಹುತೇಕ ಸಣ್ಣ ವಿಮಾನಗಳಲ್ಲಿ ಅದೊಂದು ಸ್ಪ್ರಿಂಗ್ ಪಟ್ಟಿ ಅಥವಾ ಸರಳು. ರೇಸ್ ಪೈಲಟ್ ಸ್ಟೀವ್ ವಿಟ್ಮನ್ ರೂಪಿಸಿದ್ದು. ಸೆಸ್ನಾ ಅದನ್ನು 140 ಮಾದರಿಯಿಂದ ಬಳಸಿತು. ಉಕ್ಕಿನದಾದರೆ 6150 ಎಂಬ ಕ್ರೋಮ್-ವನೇಡಿಯಂ ಸ್ಪ್ರಿಂಗ್ ಉಕ್ಕು. ಅಲ್ಯುಮಿನಿಯಂ ಆದರೆ 7075-ಟಿ6. ನಮ್ಮ ಜಿಲ್ಲೆಯಲ್ಲಿ ಭದ್ರಾವತಿ ಇದೆ, ಮಾಚೇನಹಳ್ಳಿಯ ತುಂಬ ಫೌಂಡ್ರಿ, ಮೆಷಿನ್ ಶಾಪ್‌ಗಳಿವೆ. ಇಲ್ಲೇ ಮಾಡಿಸಿದರಾಯಿತು ಅಂತ ಯಾರಿಗಾದರೂ ಅನಿಸುತ್ತದೆ. ಆಕಾರ ಮಾಡಿಕೊಡುವ ಕೈ ಇಲ್ಲಿ ಖಂಡಿತ ಇದೆ. ಕಷ್ಟ ಇರುವುದು ಹೀಟ್ ಟ್ರೀಟ್‌ಮೆಂಟ್‌ನಲ್ಲಿ (ಕಾಯಿಸಿ ತಣಿಸಿ ಲೋಹವನ್ನು ಹದ ಮಾಡುವುದು) ಮತ್ತು ಕಾಗದದಲ್ಲಿ. ಈ ಉಕ್ಕು ಯಾವ ದರ್ಜೆ, ಯಾವ ಬ್ಯಾಚ್, ಎಷ್ಟು ಗಟ್ಟಿ ಅಂತ ಸರ್ಟಿಫಿಕೇಟ್ ಇಲ್ಲದ ತುಂಡನ್ನು ವಿಮಾನಕ್ಕೆ ಹಾಕುವಂತಿಲ್ಲ. 7075ನ್ನು ಬಿಸಿ ಮಾಡಿ ಬಗ್ಗಿಸಿದರೆ, ವೆಲ್ಡ್ ಮಾಡಿದರೆ ಅದರ ಬಲವೇ ಹೋಗುತ್ತದೆ. ನೋಡಲು ಮಾತ್ರ ಹಾಗೇ ಇರುತ್ತದೆ.

ಚಕ್ರಗಳ ಅಲೈನ್‌ಮೆಂಟ್ ಚಿಕ್ಕ ವಿಷಯ ಅನಿಸುತ್ತದೆ, ಆದರೆ ಚಿಕ್ಕದಲ್ಲ. ಚಕ್ರಗಳು ಮುಂದೆ ಒಳಮುಖವಾಗಿದ್ದರೆ ಟೋ-ಇನ್. ಎಡಕ್ಕೆ ತಿರುವು ಶುರುವಾದಾಗ ಭಾರ ಬಲ ಚಕ್ರದ ಮೇಲೆ ಬೀಳುತ್ತದೆ. ಆ ಚಕ್ರ ಒಳಮುಖ ಇದ್ದರೆ ಅದೂ ಎಡಕ್ಕೇ ಎಳೆಯುತ್ತದೆ. ಬಾಲ ಬೀಸುವುದಕ್ಕೆ ಇದು ಸಹಾಯ ಮಾಡಿದಂತೆ. ಅದಕ್ಕೇ ಟೇಲ್‌ವೀಲ್‌ನವರು ಸೊನ್ನೆಗೆ ಹತ್ತಿರ ಇಡುತ್ತಾರೆ, ಇಲ್ಲವೇ ಕೂದಲೆಳೆಯಷ್ಟು ಹೊರಮುಖ ಬಿಡುತ್ತಾರೆ.

ತೂಕದ ಲೆಕ್ಕ

ಒಂದು ಕಾಲ್ಪನಿಕ ವಿಮಾನ ತೆಗೆದುಕೊಳ್ಳೋಣ. ಖಾಲಿ ತೂಕ 340 ಕೆಜಿ. ಅಳತೆಯೆಲ್ಲ ಫೈರ್‌ವಾಲ್‌ನಿಂದ, ಅಂದರೆ ಎಂಜಿನ್‌ಗೂ ಕ್ಯಾಬಿನ್‌ಗೂ ನಡುವಿನ ಗೋಡೆಯಿಂದ. ಸಿಜಿ ಅದರ ಹಿಂದೆ 60 ಸೆಂಟಿಮೀಟರ್. ತೂಕವನ್ನು ದೂರದಿಂದ ಗುಣಿಸಿದರೆ ಮೊಮೆಂಟ್: 340 × 0.60 = 204.

ಮೂಗಿನ ಚಕ್ರ 10 ಕೆಜಿ, ಗೋಡೆಯ ಮುಂದೆ 40 ಸೆಂಟಿಮೀಟರ್ ದೂರದಲ್ಲಿ. ಅದನ್ನು ತೆಗೆದರೆ ತೂಕ 330, ಮೊಮೆಂಟ್ 208. ಬಾಲಕ್ಕೆ 4 ಕೆಜಿಯ ಚಕ್ರ ಮತ್ತು ಸ್ಪ್ರಿಂಗ್, ಗೋಡೆಯ ಹಿಂದೆ 4.5 ಮೀಟರ್‌ನಲ್ಲಿ. ಈಗ ತೂಕ 334, ಮೊಮೆಂಟ್ 226. ಭಾಗಿಸಿ ನೋಡಿ, ಸಿಜಿ 67.7 ಸೆಂಟಿಮೀಟರ್‌ಗೆ ಹೋಯಿತು. ಬರೀ 4 ಕೆಜಿ ಎಷ್ಟು ಆಟ ಆಡಿಸಿತು ನೋಡಿ. ದೂರ ಇರುವುದರಿಂದ ಅದರ ಕೈ ಮೇಲು.

ಮುಖ್ಯ ಚಕ್ರಗಳನ್ನು ಮುಂದೆ ತಂದಾಗ ಸ್ವಲ್ಪ ಸರಿಹೋಗುತ್ತದೆ. ಕಾಲು, ಚಕ್ರ, ಬ್ರೇಕ್ ಸೇರಿ 25 ಕೆಜಿ ಅನ್ನಿ. 80 ಸೆಂಟಿಮೀಟರ್‌ನಿಂದ 30ಕ್ಕೆ ಬಂದರೆ ಮೊಮೆಂಟ್ 12.5 ಇಳಿದು 213.5 ಆಗುತ್ತದೆ. ಸಿಜಿ ಈಗ 63.9. ಇನ್ನೂ ಸುಮಾರು 4 ಸೆಂಟಿಮೀಟರ್ ಹಿಂದಿದೆ. ಇಂಥ ಹಗುರ ವಿಮಾನದಲ್ಲಿ ಸಿಜಿ ಓಡಾಡಲು ಇರುವ ಜಾಗವೇ ಸುಮಾರು ಒಂದು ಗೇಣು. ಅದರಲ್ಲಿ 4 ಸೆಂಟಿಮೀಟರ್ ಖಾಲಿ ಇರುವಾಗಲೇ ತಿಂದುಹಾಕಿದರೆ ಹಿಂದಿನ ಸಾಮಾನು ಪೆಟ್ಟಿಗೆ ಹೆಸರಿಗಷ್ಟೇ. ಸಿಜಿ ಮಿತಿ ಮೀರಿ ಹಿಂದೆ ಹೋದ ವಿಮಾನ ಸ್ಟಾಲ್ ಆದರೆ, ಅಂದರೆ ರೆಕ್ಕೆ ಎತ್ತಿ ಹಿಡಿಯುವ ಬಲ ಕಳೆದುಕೊಂಡರೆ, ಹೊರಬರಲು ಒದ್ದಾಡುತ್ತದೆ. ಈ ಕೆಲಸದಲ್ಲಿ ನಿಜಕ್ಕೂ ಜೀವ ತೆಗೆಯುವ ತಪ್ಪು ಇದೇ. ಗ್ರೌಂಡ್ ಲೂಪ್ ಅಲ್ಲ.

ಪರಿಹಾರ ಸಾಮಾನ್ಯವಾಗಿ ಬ್ಯಾಟರಿ. ಸೀಟಿನ ಹಿಂದೆ 1.6 ಮೀಟರ್‌ನಲ್ಲಿದ್ದ 8 ಕೆಜಿ ಬ್ಯಾಟರಿಯನ್ನು ಗೋಡೆಯ ಹತ್ತಿರ 10 ಸೆಂಟಿಮೀಟರ್‌ಗೆ ತಂದರೆ ಮೊಮೆಂಟ್ 12 ಇಳಿಯುತ್ತದೆ. 201.5ನ್ನು 334ರಿಂದ ಭಾಗಿಸಿದರೆ 60.3 ಸೆಂಟಿಮೀಟರ್. ಹೆಚ್ಚುಕಮ್ಮಿ ಹಳೇ ಜಾಗ. ಹೊಸದಾಗಿ ಹಾಕಿದ ತಗಡು, ಬೋಲ್ಟುಗಳ ತೂಕ ಇದರಲ್ಲಿ ಸೇರಿಸಿಲ್ಲ. ಅದಕ್ಕೇ ಕಾಗದದ ಲೆಕ್ಕ ಮುಗಿದ ಮೇಲೂ ಮೂರು ಚಕ್ರದಡಿ ಮೂರು ತಕ್ಕಡಿ ಇಟ್ಟು, ಬಾಲ ಎತ್ತಿ ಸಮ ಮಾಡಿ, ನಿಜವಾಗಿ ತೂಗಬೇಕು.

ಇದೇ ಅಂಕಿಗಳಿಂದ ಬಾಲದ ಮೇಲಿನ ಭಾರವೂ ಸಿಗುತ್ತದೆ. ಸಿಜಿ ಮುಖ್ಯ ಚಕ್ರದ ಹಿಂದೆ 30.3 ಸೆಂಟಿಮೀಟರ್, ಬಾಲದ ಚಕ್ರ 420 ಸೆಂಟಿಮೀಟರ್. ಸಮವಾಗಿ ನಿಂತಾಗ ಬಾಲಕ್ಕೆ ಬೀಳುವುದು ಸುಮಾರು 24 ಕೆಜಿ. ಬಾಲ ನೆಲಕ್ಕೆ ಇಳಿದಾಗ ಸಿಜಿ ಹಿಂದಕ್ಕೆ ವಾಲುವುದರಿಂದ ಇದು ಇನ್ನೂ ಹೆಚ್ಚಾಗುತ್ತದೆ. ಆ ಬಾಲದ ಚೌಕಟ್ಟು ಮೊದಲು ಹೊತ್ತಿದ್ದು ಗಾಳಿಯ ಬಲವನ್ನು ಮಾತ್ರ. ಈಗ ಪ್ರತಿ ಗುಂಡಿಯ ಪೆಟ್ಟೂ ಅಲ್ಲಿಗೆ ಬರುತ್ತದೆ. ಹಾಗಾಗಿ ಕೊನೆಯ ಬಲ್ಕ್‌ಹೆಡ್ ಗಟ್ಟಿ ಮಾಡಲೇಬೇಕು.

ಬಾಲದ ಚಕ್ರವೂ ಸುಮ್ಮನಿರುವುದಿಲ್ಲ

ಚಕ್ರದಲ್ಲಿ ಬಗೆಗಳಿವೆ. ಪೂರ್ತಿ ಸುತ್ತುವುದು, ರಡ್ಡರ್ ಜೊತೆ ತಿರುಗುವುದು, ನೇರಕ್ಕೆ ಲಾಕ್ ಆಗುವುದು. ಸ್ಕಾಟ್ ಮತ್ತು ಮೌಲ್ ಹೆಸರಿನವು ಹೆಚ್ಚು ಬಳಕೆಯಲ್ಲಿವೆ. ರಡ್ಡರ್‌ನಿಂದ ಸಣ್ಣ ಸ್ಪ್ರಿಂಗ್, ಸರಪಳಿ ಮೂಲಕ ಇದಕ್ಕೆ ಕೊಂಡಿ.

ಇದರ ಕಾಟ ಅಂದರೆ ಶಿಮ್ಮಿ. ಒಂದು ವೇಗಕ್ಕೆ ಬಂದ ಕೂಡಲೇ ಚಕ್ರ ಎಡಬಲಕ್ಕೆ ಗಡಗಡ ನಡುಗುತ್ತದೆ, ಇಡೀ ವಿಮಾನ ಅಲುಗುತ್ತದೆ. ಟೈರ್ ಬದಲಿಸುತ್ತಾರೆ, ಗಾಳಿ ಹೆಚ್ಚುಕಡಿಮೆ ಮಾಡುತ್ತಾರೆ. ಅಸಲಿ ಕಾರಣ ಬಹಳ ಸಲ ಚಕ್ರವನ್ನು ಬಾಲಕ್ಕೆ ಹಿಡಿದಿರುವ ಪಟ್ಟಿ ಸ್ಪ್ರಿಂಗ್. ಅದು ಕುಸಿದಾಗ ಚಕ್ರ ತಿರುಗುವ ಗೂಟದ ತಲೆ ಮುಂದಕ್ಕೆ ವಾಲುತ್ತದೆ. ಆಗ ಗೂಟದ ಗೆರೆ ನೆಲ ಮುಟ್ಟುವ ಜಾಗಕ್ಕೂ ಟೈರ್ ನೆಲ ಮುಟ್ಟುವ ಜಾಗಕ್ಕೂ ಇರಬೇಕಾದ ಅಂತರ ಕಡಿಮೆಯಾಗುತ್ತದೆ. ಹಿಂದೆ ಹಿಂದೆ ಬರುವ ಗುಣ ಕಳೆದುಕೊಂಡ ಚಕ್ರ ನಡುಗದೆ ಇನ್ನೇನು ಮಾಡೀತು? ಪೂರ್ತಿ ಭಾರ ತುಂಬಿಸಿ ನಿಲ್ಲಿಸಿದಾಗ ಗೂಟ ನೇರ ಇರಬೇಕು, ಇಲ್ಲವೇ ತಲೆ ಸ್ವಲ್ಪ ಹಿಂದಕ್ಕೆ. ಖಾಲಿ ವಿಮಾನದಲ್ಲಿ ನೋಡಿ ಸರಿಯಿದೆ ಅಂದುಕೊಳ್ಳುವುದೇ ಮೋಸ.

ನೆಲದ ಮೇಲೆ ನಿಂತಾಗ ವಿಮಾನ ಎಷ್ಟು ಮೂಗೆತ್ತಿರಬೇಕು ಅನ್ನುವುದೂ ಬಾಲದ ಚಕ್ರದ ಎತ್ತರದಿಂದಲೇ ಗೊತ್ತಾಗುತ್ತದೆ. ಸಾಮಾನ್ಯವಾಗಿ 10ರಿಂದ 15 ಡಿಗ್ರಿ. ರೆಕ್ಕೆ ಸ್ಟಾಲ್ ಆಗುವ ಕೋನಕ್ಕೆ ಇದು ಹತ್ತಿರ ಇದ್ದರೆ ಮೂರೂ ಚಕ್ರ ಒಟ್ಟಿಗೆ ಇಳಿದ ಕ್ಷಣ ವಿಮಾನ ಹಾರುವುದನ್ನೂ ನಿಲ್ಲಿಸಿರುತ್ತದೆ. ಕೋನ ಕಡಿಮೆಯಿದ್ದರೆ ಇಳಿದ ಮೇಲೂ ರೆಕ್ಕೆಯಲ್ಲಿ ಉಸಿರು ಉಳಿದು ವಿಮಾನ ಪುಟಿಯುತ್ತದೆ. ಮೂಗೆತ್ತಿದ್ದಕ್ಕೆ ಮುಂದೆ ಏನೂ ಕಾಣುವುದಿಲ್ಲ. ಟ್ಯಾಕ್ಸಿ ಮಾಡುವಾಗ, ಅಂದರೆ ನೆಲದ ಮೇಲೆ ಮೆಲ್ಲಗೆ ಓಡಿಸುವಾಗ, ಹಾವಿನ ಹಾಗೆ ಎಡಬಲಕ್ಕೆ ಹೋಗಿ ಪಕ್ಕದ ಕಿಟಕಿಯಿಂದ ದಾರಿ ನೋಡಬೇಕು.

ಕಾಗದ ಪತ್ರ

ಅಮೆರಿಕದಲ್ಲಿ ಮನೆಯಲ್ಲಿ ಕಟ್ಟಿದ ವಿಮಾನಕ್ಕೆ ಪ್ರಾಯೋಗಿಕ ಎಂಬ ಬೇರೆ ವರ್ಗವಿದೆ. ಅಲ್ಲಿ ಇಂಥ ದೊಡ್ಡ ಬದಲಾವಣೆ ಆದ ಮೇಲೆ ಗೊತ್ತುಮಾಡಿದ ಜಾಗದಲ್ಲಿ ಕನಿಷ್ಠ 5 ಗಂಟೆ ಪರೀಕ್ಷಾ ಹಾರಾಟ ಮಾಡಬೇಕು. ಸೆಸ್ನಾದಂಥ ಕಾರ್ಖಾನೆಯ ವಿಮಾನಕ್ಕಾದರೆ ಅನುಮೋದನೆ ಪಡೆದ ಪರಿವರ್ತನೆಯನ್ನೇ ಬಳಸಬೇಕು. ಪೈಲಟ್‌ಗೂ ಟೇಲ್‌ವೀಲ್ ತರಬೇತಿ ಆಗಿದೆ ಅಂತ ಬೋಧಕರ ಸಹಿ ಬೇಕು. 1991ರ ಏಪ್ರಿಲ್ 15ಕ್ಕೆ ಮೊದಲೇ ಟೇಲ್‌ವೀಲ್ ಓಡಿಸಿದವರಿಗೆ ಮಾತ್ರ ವಿನಾಯಿತಿ.

ನಮ್ಮಲ್ಲಿ ಎಲ್ಲವೂ ವಿಮಾನಯಾನದ ನಿಯಂತ್ರಕ ಸಂಸ್ಥೆ ಡಿಜಿಸಿಎ ಮೂಲಕವೇ. 2025ರ ಜನವರಿ 1ರಿಂದ ಹಳೇ 1934ರ ವಿಮಾನ ಕಾಯ್ದೆಯ ಜಾಗಕ್ಕೆ ಭಾರತೀಯ ವಾಯುಯಾನ ಅಧಿನಿಯಮ ಬಂದಿದೆ. ಕಾಯ್ದೆಯ ಹೆಸರು ಬದಲಾದರೂ ಅನುಮತಿ ಇಲ್ಲದೆ ಹಾರುವಂತಿಲ್ಲ ಅನ್ನುವುದು ಬದಲಾಗಿಲ್ಲ. ಮುಂಬಯಿಯ ಪೈಲಟ್ ಅಮೋಲ್ ಯಾದವ್ ಮನೆಯ ತಾರಸಿಯ ಮೇಲೆ ಆರು ಸೀಟಿನ ವಿಮಾನ ಕಟ್ಟಿದರು. 2016ರ ಮೇಕ್ ಇನ್ ಇಂಡಿಯಾ ಪ್ರದರ್ಶನದಲ್ಲಿ ಅದನ್ನು ಜನ ನೋಡಿದರು. ನೋಂದಣಿ ಸಿಕ್ಕಿದ್ದು 2017ರಲ್ಲಿ. ವಿಮಾನ ಕಟ್ಟುವುದಕ್ಕಿಂತ ಫೈಲ್ ಓಡಿಸುವುದು ಕಷ್ಟ ಅಂತ ಹೇಳುವವರು ಅವರ ಕಡೆಗೇ ಬೆರಳು ತೋರಿಸುತ್ತಾರೆ. ಅಂದಮೇಲೆ ಶಿವಮೊಗ್ಗದ ಹುಡುಗರು ಯಾರಾದರೂ ಕನಸು ಕಾಣುತ್ತಿದ್ದರೆ ಕ್ರಮ ಹೀಗಿರಲಿ: ಮೊದಲು ಅರ್ಜಿ ಮತ್ತು ನಕ್ಷೆ, ಆಮೇಲೆ ಡ್ರಿಲ್ಲಿಂಗ್ ಮೆಷಿನ್. ಮತ್ತೆ, ಗದ್ದೆ ಬಯಲಿನಲ್ಲಿ ಸುಮ್ನೆ ಒಂದು ಸಲ ಓಡಿಸಿ ನೋಡುತ್ತೇನೆ ಅನ್ನುವುದು ಬೇಡ. ಹಗುರ ವಿಮಾನ ಜೋರಾಗಿ ಓಡಿದರೆ ನಮ್ಮನ್ನು ಕೇಳದೇ ಎದ್ದುಬಿಡುತ್ತದೆ.

ಮಲೆನಾಡಿನ ಮಳೆಗೆ

ಪರಿವರ್ತನೆಯ ಸಾಮಗ್ರಿ ಕಳಿಸುವ ಒಣ ಊರಿನವರಿಗೆ ಅಷ್ಟಾಗಿ ತಲೆಗೆ ಹೋಗದ ಒಂದು ವಿಷಯ ನಮಗೆ ಮುಖ್ಯ. ಆಗುಂಬೆಯ ಕಡೆ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ. ಶಿವಮೊಗ್ಗ ಪೇಟೆಯಲ್ಲಿ ಅಷ್ಟಿಲ್ಲ. ಆದರೂ ಮಳೆಗಾಲದಲ್ಲಿ ಬೀರುವಿನೊಳಗಿನ ಚಪ್ಪಲಿಗೂ ಬೂಸ್ಟು ಹಿಡಿಯುವ ಊರು ಇದು.

ಮೂಗಿನ ಚಕ್ರದ ವಿಮಾನ ಸಮವಾಗಿ ನಿಂತಿರುತ್ತದೆ. ಒಳಗೆ ಸೇರಿದ ನೀರು, ಇಬ್ಬನಿ ಹೊಟ್ಟೆಯ ಕೆಳಗಿನ ತೂತುಗಳಿಂದ ಹೊರಗೆ ಹೋಗುತ್ತದೆ. ಅದೇ ವಿಮಾನವನ್ನು ಬಾಲದ ಮೇಲೆ ಕೂರಿಸಿದರೆ ಅತಿ ತಗ್ಗಿನ ಜಾಗವೇ ಬದಲಾಗುತ್ತದೆ. ನೀರೆಲ್ಲ ಹಿಂದಕ್ಕೆ ಹರಿದು ಬಾಲದ ಬುಡದಲ್ಲಿ ನಿಲ್ಲುತ್ತದೆ. ಅಲ್ಲಿ ತೂತು ಇಲ್ಲದಿದ್ದರೆ ಹೋಗುವ ದಾರಿ ಇಲ್ಲ. ಹಳೇ ಪೈಪರ್‌ಗಳಲ್ಲಿ ಬಟ್ಟೆ ಹೊದ್ದ ಉಕ್ಕಿನ ಕೊಳವೆ ಚೌಕಟ್ಟು ತುಕ್ಕು ಹಿಡಿಯುವುದು ಹೆಚ್ಚಾಗಿ ಬಾಲದ ಕಡೆಯ ಕೆಳಗಿನ ಕೊಳವೆಗಳಲ್ಲೇ. ನಾವು ಗಟ್ಟಿ ಮಾಡಿ ಹೊಸ ತಗಡು ಜೋಡಿಸಿದ್ದೂ ಅಲ್ಲೇ. ಎರಡು ತಗಡುಗಳ ನಡುವೆ ಪ್ರೈಮರ್ ಹಚ್ಚದೆ ರಿವೆಟ್ ಹೊಡೆದಿದ್ದರೆ ನೀರು ನುಗ್ಗಿ ಕೂರಲು ಅದು ಒಳ್ಳೇ ಜಾಗ.

ಇಂಧನದ ಟ್ಯಾಂಕಿನದೂ ಇದೇ ಕತೆ. ಪೆಟ್ರೋಲಿಗಿಂತ ನೀರು ಭಾರ, ಟ್ಯಾಂಕಿನ ತಳಕ್ಕೆ ಇಳಿಯುತ್ತದೆ. ಹಾರುವ ಮೊದಲು ತಳದ ನಲ್ಲಿಯಿಂದ ಒಂದಿಷ್ಟು ಬಿಟ್ಟು ನೋಡಿ ನೀರಿಲ್ಲ ಅಂತ ಖಾತ್ರಿ ಮಾಡಿಕೊಳ್ಳುವುದು ರೂಢಿ. ಬಾಲ ಇಳಿಸಿ ನಿಂತ ವಿಮಾನದಲ್ಲಿ ಆ ತಳ ಹಿಂದಿನ ಮೂಲೆಗೆ ಸರಿದಿರುತ್ತದೆ. ಹಳೇ ನಲ್ಲಿಯಿಂದ ಶುದ್ಧ ಪೆಟ್ರೋಲೇ ಬರುತ್ತದೆ, ನೀರು ಆ ಮೂಲೆಯಲ್ಲಿ ಹಾಯಾಗಿ ಕೂತಿರುತ್ತದೆ. ಟೇಕಾಫ್‌ನಲ್ಲಿ ಬಾಲ ಎದ್ದು ಸಮ ಆದಾಗ ಅದು ಎಂಜಿನ್‌ನ ದಾರಿ ಹಿಡಿಯುತ್ತದೆ. ಹಾಗಾಗಿ ಹೊಸ ತಗ್ಗಿನ ಜಾಗ ಎಲ್ಲಿ ಬಂತು ಅಂತ ಸ್ಪಿರಿಟ್ ಲೆವೆಲ್ ಇಟ್ಟು ನೋಡಿ ಅಲ್ಲೊಂದು ನಲ್ಲಿ ಕೂರಿಸಬೇಕು. ಅದಾಗದಿದ್ದರೆ ಪ್ರತಿ ಸಲ ಬಾಲ ಎತ್ತಿ ಸ್ವಲ್ಪ ಹೊತ್ತು ಬಿಟ್ಟು ಪರೀಕ್ಷಿಸಬೇಕು.

ಇಂಧನದ ಗೇಜ್ ಮತ್ತು ಎಂಜಿನ್ ಆಯಿಲ್‌ನ ಕಡ್ಡಿಯ ಗುರುತುಗಳೂ ಹೊಸ ಓರೆಯಲ್ಲಿ ಸುಳ್ಳು ಹೇಳುತ್ತವೆ. ಟ್ಯಾಂಕ್ ಖಾಲಿ ಮಾಡಿ, ಬಾಲ ಕೆಳಗಿಟ್ಟು, ಐದೈದು ಲೀಟರ್ ಅಳೆದು ಹಾಕುತ್ತಾ ಹೊಸ ಗುರುತು ಮಾಡಿಕೊಳ್ಳಬೇಕು. ಆಯಿಲ್‌ನದೂ ಹಾಗೇ, ಗೊತ್ತಿರುವಷ್ಟು ಆಯಿಲ್ ಹಾಕಿ ಕಡ್ಡಿಯಲ್ಲಿ ಎಲ್ಲಿಗೆ ಬಂತು ನೋಡಿ ಅಲ್ಲಿ ಗೀರು ಹಾಕಬೇಕು. ಮಳೆ ಹಿಡಿಯುವ ಮುಂಚೆ, ಮೇ ತಿಂಗಳಲ್ಲೇ ಇದನ್ನು ಮುಗಿಸಿಬಿಟ್ಟರೆ ಒಳ್ಳೆಯದು. ಜೂನ್ ಬಂದರೆ ಶೆಡ್ಡಿನ ಬಾಗಿಲು ತೆಗೆಯುವುದೂ ಕಷ್ಟ.